ನೆಲದ ಮೇಲಿನ ವಿಮಾನಾಗ್ನಿ

ಧಾರವಾಡದಿಂದ ಸವದತ್ತಿಗೆ ಹೋಗುವ ಹಾದಿಯಲ್ಲಿ ಅಮ್ಮಿನಬಾವಿ ಎಂಬ ಹಳೆಯ ಊರಿರುವದು. ಮಲಪ್ರಭೆಯ ನೀರು ಸವದತ್ತಿಯ ಕಡೆಯಿಂದ ಈ ಊರಿಗೆ ಬಂದು, ಇಲ್ಲಿ ಶುದ್ಧವಾಗಿ, ಹುಬ್ಬಳ್ಳಿ-ಧಾರವಾಡಗಳ ಮನೆಗಳಿಗೆ ಹರಿಯುವದು. ಹೆಸರಿನಲ್ಲಿಯೇ ಬಾವಿಯನ್ನು ಹೊತ್ತುಕೊಂಡ ಊರು ಎರಡು ಪಟ್ಟಣಗಳ ಬಾಯಾರಿಕೆಯನ್ನು ಹಿಂಗಿಸುವಂತಾದುದು ಸೊಗಸಾದ ಸಂಗತಿಯೇ ಸರಿ. ಆದರೆ ಬಾವಿಯ ಮಾತು ಬಂದಾಗ ನಮ್ಮ ಜನರ ಬಾಯಿಗೆ ಮೊದಲು ಬರುವದು ಬೇರೆಯೇ ಒಂದು ಗಾದೆ: ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬದು. ಬೇಸಿಗೆಯಲ್ಲಿ ಹಿತ್ತಲಿನ ಮೇವಿನ ಬಣವೆಗೆ ಕಿಡಿ ತಗಲಿದುದನ್ನು ನೋಡಿದವರಿಗೆ ಈ ಗಾದೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ ತಿಳಿದ ಒಕ್ಕಲಿಗನು ಬಣವೆಯ ಕಡೆಗೆ ಓಡುವದಿಲ್ಲ. ಮೊದಲು ಕೊಟ್ಟಿಗೆಗೆ ಓಡಿ ದನಗಳ ಹಗ್ಗವನ್ನು ಕೊಯ್ಯುವನು. ಗಂಟು ಬಿಚ್ಚುತ್ತ ಕೂಡ್ರಲು ವೇಳೆ ಇಲ್ಲವೆಂಬದು ಅವನಿಗೆ ಗೊತ್ತು. ಮೇವು ಹೋದರೆ ಹೋಗಲಿ, ಜೀವ ಉಳಿಯಲಿ ಎಂಬ ಈ ಸರಳವಾದ ವಿವೇಕವನ್ನು ವಿಮಾನಗಳನ್ನು ನಡೆಸುವ ಲೋಕವು ಬಹಳ ಬೆಲೆ ತೆತ್ತು ಕಲಿಯಬೇಕಾಯಿತು. ಆ ಕಲಿಕೆಯ ಇತಿಹಾಸವನ್ನು, ಅದರಲ್ಲಿಯೂ ನಮ್ಮ ಕರ್ನಾಟಕಕ್ಕೆ ಸಂಬಂಧಿಸಿದ ಭಾಗವನ್ನು, ಇಲ್ಲಿ ಯಥಾಶಕ್ತಿ ನಿರೂಪಿಸುವ ಉದ್ದೇಶವಿದೆ.

ವಿಮಾನದ ಅಪಘಾತವೆಂದೊಡನೆ ಆಕಾಶದಿಂದ ಕಲ್ಲಿನಂತೆ ಉರುಳಿಬೀಳುವ ಒಂದು ಭಯಂಕರ ಚಿತ್ರವು ನಮ್ಮ ಕಣ್ಣ ಮುಂದೆ ನಿಲ್ಲುವದು. ಆದರೆ ಬಹಳಷ್ಟು ಅಪಘಾತಗಳು ಹಾಗೆ ಆಗುವದಿಲ್ಲ. ಏರುವಾಗಲೋ ಇಳಿಯುವಾಗಲೋ, ರನ್‌ವೇ ಎಂದು ಕರೆಯಲಾಗುವ ಆ ಓಟದ ಹಾದಿಯ ಆಸುಪಾಸಿನಲ್ಲಿಯೇ ಅವು ಸಂಭವಿಸುತ್ತವೆ. ವಿಮಾನವು ನೆಲದ ಮೇಲೆಯೇ ಇರುವದು. ಒಳಗಿನ ಜನರಲ್ಲಿ ಅನೇಕರು ಬಡಿತದಿಂದ ಸಾಯದೆ ಉಳಿದಿರುವರು. ಅವರ ಜೀವನ್ಮರಣಗಳ ಪ್ರಶ್ನೆಯು ಆಮೇಲಿನ ಎರಡು ಮೂರು ನಿಮಿಷಗಳಲ್ಲಿ ಇತ್ಯರ್ಥವಾಗುವದು. ಏಕೆಂದರೆ ವಿಮಾನದ ರೆಕ್ಕೆಗಳೆಂದರೆ ಬರಿಯ ರೆಕ್ಕೆಗಳಲ್ಲ, ಎಣ್ಣೆಯ ತೊಟ್ಟಿಗಳು. ಈಗಿನ ವಿಮಾನಗಳಲ್ಲಿ ಉರಿಯುವದು ಪೆಟ್ರೋಲಿನಂಥ ಚಂಚಲ ದ್ರವ್ಯವಲ್ಲ, ನಮ್ಮ ಚಿಮಣಿ ಎಣ್ಣೆಯ ಜಾತಿಗೇ ಸೇರಿದ ಶುದ್ಧ ಸೀಮೆ ಎಣ್ಣೆ. ಅದು ಸುಮಾರು 38 ಅಂಶ ಸೆಂಟಿಗ್ರೇಡ್ ಉಷ್ಣತೆಗೆ ಬರುವವರೆಗೆ ಕಿಡಿಗೆ ಸುಲಭವಾಗಿ ಹೊತ್ತುವದಿಲ್ಲ. ಆದರೆ ತೊಟ್ಟಿಯು ಒಡೆದು ಎಣ್ಣೆಯು ತುಂತುರಾಗಿ ಚಿಮ್ಮಿ, ಕೆಂಪಗೆ ಕಾದ ಯಂತ್ರಕ್ಕೆ ತಗಲಿದರೆ ಆ ಸೌಮ್ಯ ಗುಣವು ಪ್ರಯೋಜನಕ್ಕೆ ಬರುವದಿಲ್ಲ. ವಿಮಾನದ ಮೈಯಾದರೋ ಅಲ್ಯುಮಿನಿಯಮ್ಮಿನ ತೆಳು ತಗಡು. ಅದು 660 ಅಂಶಕ್ಕೆ ಕರಗುವದು. ಎಣ್ಣೆಯ ಜ್ವಾಲೆಯು ಅದಕ್ಕಿಂತ ಬಹಳ ಬಿಸಿಯಾಗಿರುವದರಿಂದ ಒಂದೆರಡು ನಿಮಿಷಗಳಲ್ಲಿಯೇ ತಗಡನ್ನು ತೂತು ಮಾಡಿ ಒಳಗೆ ನುಗ್ಗುವದು. ಜ್ವಾಲೆಗಿಂತಲೂ ಮೊದಲು ಕೊಲ್ಲುವದು ಹೊಗೆ. ಆಸನಗಳೂ ಒಳಗಿನ ಹೊದಿಕೆಗಳೂ ಉರಿದಾಗ ಏಳುವ ಆ ಕರಿಯ ಹೊಗೆಯಲ್ಲಿ ಇಂಗಾಲದ ವಿಷವಾಯುವೂ ಸಯನೈಡಿನ ವಾಯುವೂ ಕೂಡಿರುವವು. ನಾಲ್ಕಾರು ಉಸಿರುಗಳಿಗೆ ಮನುಷ್ಯನು ದಿಕ್ಕು ತಪ್ಪುವನು.

ಇಂಥ ಬೆಂಕಿಗೆ ಬರಿಯ ನೀರು ಉಪಾಯವಲ್ಲ. ಎಣ್ಣೆಯು ನೀರಿಗಿಂತ ಹಗುರ. ಕೊಡಗಟ್ಟಲೆ ನೀರು ಸುರಿದರೆ ಅದು ನೀರಿನ ಮೇಲೆ ತೇಲಿ ಉರಿಯುತ್ತಲೇ ಹರಿದು ಹೊಸ ಜಾಗಕ್ಕೆ ಹಬ್ಬುವದು. ಆದುದರಿಂದ ವಿಮಾನ ನಿಲ್ದಾಣದ ಗಾಡಿಗಳು ನೊರೆಯನ್ನು ಎರಚುವವು. ನೂರು ಪಾಲಿನಲ್ಲಿ 94ರಿಂದ 97 ಪಾಲು ನೀರೇ. ಉಳಿದ 3ರಿಂದ 6 ಪಾಲು ಮಾತ್ರ ನೊರೆಯ ದ್ರಾವಣ. ಅಷ್ಟೇ ಸಾಕು, ಆ ನೀರು ಕಂಬಳಿಯಂತೆ ಎಣ್ಣೆಯ ಮೇಲೆ ಹಾಸಿಕೊಂಡು ಗಾಳಿ ತಗಲದಂತೆ ಮಾಡುವದು. ನೀರು ಹೇರಳವಾಗಿದ್ದೂ ದ್ರಾವಣವಿಲ್ಲದಿದ್ದರೆ ಆಗದು. ಎರಡೂ ಇದ್ದು, ಗಾಡಿಗೆ ಹಾದಿಯಿಲ್ಲದಿದ್ದರಂತೂ ಏನೂ ಆಗದು. ಈ ಕೊನೆಯ ಮಾತಿಗೆ ನಮ್ಮ ನಾಡಿನಲ್ಲಿಯೇ ದುಃಖದ ನಿದರ್ಶನವಿದೆ.

ಬೆಂಗಳೂರಿಗೂ ವಿಮಾನಕ್ಕೂ ನಂಟು ಹಳೆಯದು. ವಾಲಚಂದ ಹಿರಾಚಂದರು ಮೈಸೂರು ಸರಕಾರದ ಸಹಾಯದಿಂದ 1940ನೆಯ ಇಸವಿಯ ಡಿಸೆಂಬರ ತಿಂಗಳಲ್ಲಿ ಅಲ್ಲಿ ಹಿಂದುಸ್ಥಾನ ವಿಮಾನ ಕಾರಖಾನೆಯನ್ನು ಸ್ಥಾಪಿಸಿದರು. ಆ ಕಾರಖಾನೆಯ ಮಗ್ಗುಲಿನ ನಿಲ್ದಾಣದಲ್ಲಿಯೇ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಹೊಸ ನಿಲ್ದಾಣವು ತೆರೆಯುವವರೆಗೂ ಪ್ರವಾಸಿಕರ ವಿಮಾನಗಳು ಇಳಿಯುತ್ತಿದ್ದವು. 1990ನೆಯ ಇಸವಿಯ ಫೆಬ್ರುವರಿ 14ನೆಯ ತಾರೀಖು ಮಧ್ಯಾಹ್ನ, ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ 605ನೆಯ ವಿಮಾನವು ಅಲ್ಲಿ ಇಳಿಯುವದಿತ್ತು. ಅದು ಆಗ ಹೊಸದಾಗಿ ದೇಶಕ್ಕೆ ಬಂದಿದ್ದ ಏರ್‌ಬಸ್ 320 ಜಾತಿಯದು. ಬಂದು ಕೆಲವೇ ವಾರಗಳಾಗಿದ್ದವು. ಒಳಗೆ ಸಿಬ್ಬಂದಿಯೂ ಕೂಡಿ 146 ಜನರಿದ್ದರು. ಆಕಾಶವು ನಿರ್ಮಲವಾಗಿತ್ತು, ಯಂತ್ರಗಳಲ್ಲಿ ದೋಷವಿರಲಿಲ್ಲ. ಆದರೆ ಇಳಿಯುವ ಹೊತ್ತಿಗೆ ಯಂತ್ರಗಳ ಬಲವು ತೀರ ತಗ್ಗಿದುದನ್ನು ಚಾಲಕರು ಸಕಾಲದಲ್ಲಿ ಗಮನಿಸಲಿಲ್ಲ. ಗಮನಿಸಿದಾಗ ವೇಳೆ ಮೀರಿತ್ತು. ಒಂದು ಗಂಟೆಯಾಗಿ ಮೂರು ನಿಮಿಷಕ್ಕೆ, ಓಟದ ಹಾದಿಗೆ ಇನ್ನೂ ಸುಮಾರು 2,300 ಅಡಿ ಇರುವಾಗಲೇ, ವಿಮಾನವು ಗಾಲ್ಫ್ ಆಟದ ಬಯಲಿಗೆ ತಗಲಿತು. ಒಮ್ಮೆ ಪುಟಿದು ಮತ್ತೆ ಬಿದ್ದು, ಬಯಲಿನ ಅಂಚಿನಲ್ಲಿದ್ದ ಹನ್ನೆರಡು ಅಡಿಯ ಮಣ್ಣಿನ ಒಡ್ಡಿಗೆ ಬಡಿಯಿತು. ಗಾಲಿಗಳೂ ಯಂತ್ರಗಳೂ ಅಲ್ಲಿಯೇ ಕಿತ್ತುಹೋದವು. ಉಳಿದ ಮೈಯು ಹಳ್ಳವನ್ನೂ ಅದರ ಬದಿಯ ರಸ್ತೆಯನ್ನೂ ಹಾರಿ, ನಿಲ್ದಾಣದ ಸುತ್ತುಗೋಡೆಯ ಹೊರಗಿನ ಕಲ್ಲುಹುಲ್ಲಿನ ಪಾಳು ನೆಲದಲ್ಲಿ ನಿಂತಿತು. ಕೂಡಲೆ ಬೆಂಕಿ ಹತ್ತಿತು.

ಗೋಡೆಯ ಹೊರಗೆ ಎಂಬ ಆ ಒಂದು ಮಾತಿನ ಮೇಲೆ ವಾಚಕರು ತುಸು ನಿಲ್ಲಬೇಕು. ಒಳಗೆ ಗಾಡಿಗಳಿದ್ದವು, ನೊರೆಯಿತ್ತು, ಕಲಿತ ಜನರಿದ್ದರು. ಅವರಿಗೂ ಉರಿಯುತ್ತಿದ್ದ ವಿಮಾನಕ್ಕೂ ನಡುವೆ ಒಂದು ಗೋಡೆ, ಆಚೆ ಗಾಡಿಯ ಗಾಲಿಗಳಿಗೆ ಒಗ್ಗದ ನೆಲ. ದನಕರುಗಳೂ ಕಳ್ಳರೂ ಒಳಗೆ ಬಾರದಿರಲೆಂದು ಕಟ್ಟಿದ ಗೋಡೆಯು ರಕ್ಷಕರನ್ನು ಒಳಗೇ ತಡೆಯುವದೆಂಬದನ್ನು ಗೋಡೆ ಕಟ್ಟುವವರು ಯೋಚಿಸುವದು ಅಪರೂಪ. ವಿಮಾನದ ಹಿಂಭಾಗದ ಬಾಗಿಲು ತೆರೆದು ಕೆಲವರು, ಒಡೆದ ಕಡೆಯಿಂದ ಕೆಲವರು ಹೊರಬಿದ್ದರು. ಒಟ್ಟು 54 ಜನ ಬದುಕಿದರು. 92 ಜನ ತೀರಿಕೊಂಡರು. ಸತ್ತವರಲ್ಲಿ ಬಹುಸಂಖ್ಯಾಕರು ಸುಟ್ಟಗಾಯಗಳಿಂದ ಸತ್ತರು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು ವಿಚಾರಣೆ ನಡೆಸಿದರು. ಪತ್ರಿಕೆಗಳಲ್ಲಿಯೂ ಜನರ ಮಾತಿನಲ್ಲಿಯೂ ಬಹುಕಾಲ ನಡೆದ ವಾದವು, ತಪ್ಪು ಹೊಸ ಯಂತ್ರದ್ದೋ ಚಾಲಕರದ್ದೋ ಎಂಬದಾಗಿತ್ತು. ಆ ಚರ್ಚೆಯ ಗದ್ದಲದಲ್ಲಿ ಗೋಡೆಯ ಪ್ರಶ್ನೆಯು ಮೂಲೆಗೆ ಬಿದ್ದಿತೆಂದು ನನ್ನ ಅಭಿಪ್ರಾಯ. ವಿಮಾನವು ಏಕೆ ಬಿದ್ದಿತೆಂಬದು ಒಂದು ವಿಚಾರ. ಬಿದ್ದ ಮೇಲೆ ಬದುಕಿದ್ದವರು ಏಕೆ ಸತ್ತರೆಂಬದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಸಣ್ಣದಲ್ಲ.

ಲೋಕದ ಬೇರೆ ಕಡೆಗಳಲ್ಲಿ ಈ ಎರಡನೆಯ ಪ್ರಶ್ನೆಯು ಆಗಲೇ ಎದ್ದಿತ್ತು. 1980ನೆಯ ಇಸವಿಯ ಆಗಸ್ಟ 19ರಂದು ಸೌದಿ ಅರೇಬಿಯದ ರಿಯಾದ ಪಟ್ಟಣದಿಂದ ಜಿದ್ದಾಕ್ಕೆ ಹೊರಟ ವಿಮಾನವೊಂದರ ಸಾಮಾನಿನ ಕೋಣೆಯಲ್ಲಿ ಹೊಗೆ ಕಾಣಿಸಿತು. ಚಾಲಕನು ಹಿಂದಿರುಗಿ ಸುರಕ್ಷಿತವಾಗಿ ಇಳಿಸಿದನು. ಇಳಿದ ಮೇಲೆ ಒಡನೆ ನಿಲ್ಲಿಸಿ ಬಾಗಿಲು ತೆರೆಸಬೇಕಾದ ಕಡೆ, ವಿಮಾನವನ್ನು ಸಾವಕಾಶವಾಗಿ ಓಟದ ಹಾದಿಯ ತುದಿಯವರೆಗೆ ನಡೆಸಿಕೊಂಡು ಹೋಗಿ, ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದನು; ನಿಂತ ಮೇಲೆಯೂ ಮೂರು ನಿಮಿಷಕ್ಕೆ ಮಿಕ್ಕಿ ಯಂತ್ರಗಳು ತಿರುಗುತ್ತಲೇ ಇದ್ದವು. ತಿರುಗುವ ಯಂತ್ರದ ಹತ್ತಿರ ರಕ್ಷಕರು ಸುಳಿಯುವಂತಿಲ್ಲ. ಯಂತ್ರಗಳು ನಿಂತು 23 ನಿಮಿಷಗಳಾದ ಮೇಲೆ ಬಾಗಿಲು ತೆರೆದಾಗ ಒಳಗಿನ 301 ಜನರಲ್ಲಿ ಒಬ್ಬರೂ ಜೀವದಿಂದ ಇರಲಿಲ್ಲ. ಒಂದು ಮೂಳೆಯೂ ಮುರಿಯದ ಅಪಘಾತ ಅದು. ಕೊಟ್ಟಿಗೆಯ ಹಗ್ಗವನ್ನು ಕೊಯ್ಯುವವರಿರಲಿಲ್ಲ, ಅಷ್ಟೇ.

ಐದು ವರ್ಷಗಳ ತರುವಾಯ, 1985ರ ಆಗಸ್ಟ 22ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರದಲ್ಲಿ ಏರಲು ಓಡುತ್ತಿದ್ದ ವಿಮಾನದ ಎಡಗಡೆಯ ಯಂತ್ರವು ಸಿಡಿದು, ಅದರ ಚೂರು ರೆಕ್ಕೆಯ ತೊಟ್ಟಿಯನ್ನು ಒಡೆಯಿತು. ಚಾಲಕನು ಸದ್ದನ್ನು ಗಾಲಿ ಒಡೆದುದೆಂದು ತಿಳಿದು, ಓಟವನ್ನು ನಿಲ್ಲಿಸಿ, ರೂಢಿಯಂತೆ ಬಲಗಡೆಯ ಅಡ್ಡಹಾದಿಗೆ ತಿರುಗಿಸಿದನು. ಆ ತಿರುವಿನಿಂದ ಮಂದವಾದ ಗಾಳಿಯು ಜ್ವಾಲೆಯನ್ನು ನೇರವಾಗಿ ವಿಮಾನದ ಮೈಮೇಲೆ ತಂದಿತು. ಬೆಂಕಿಯ ಗಾಡಿಗಳು ಬೇಗನೆ ಬಂದರೂ 137 ಜನರಲ್ಲಿ 55 ಜನ ಸತ್ತರು. ಅವರಲ್ಲಿ 48 ಜನರನ್ನು ಕೊಂದುದು ಹೊಗೆ. ಕಣದಲ್ಲಿ ತೂರುವವನಿಗೆ ಗಾಳಿಯ ದಿಕ್ಕು ಗೊತ್ತಿರುವಂತೆ ವಿಮಾನ ನಿಲ್ಲಿಸುವವನಿಗೂ ಗೊತ್ತಿರಬೇಕೆಂಬದು ಅಂದು ಮನದಟ್ಟಾಯಿತು. ಬೇಗ ಹೊತ್ತದ ಆಸನದ ಹೊದಿಕೆ, ಹೊಗೆಯಲ್ಲಿ ತೆವಳುವವರಿಗೆ ದಾರಿ ತೋರಿಸುವ ನೆಲದ ದೀಪಗಳು, ರೆಕ್ಕೆಯ ಮೇಲಿನ ಬಾಗಿಲ ಬಳಿ ಹೆಚ್ಚಿನ ಜಾಗ, ಇವೆಲ್ಲ ಆ ಸಾವುಗಳ ನಂತರ ವಿಮಾನಗಳಲ್ಲಿ ನೆಲೆಗೊಂಡವು. ಅರ್ಧದಷ್ಟು ಬಾಗಿಲುಗಳು ಮುಚ್ಚಿದ್ದರೂ ತುಂಬಿದ ವಿಮಾನವು 90 ಸೆಕೆಂದುಗಳಲ್ಲಿ ಬರಿದಾಗಬೇಕೆಂಬ ನಿಯಮವು ಮಾತ್ರ ಅದಕ್ಕಿಂತ ಹಿಂದಿನದು.

ನೆಲದ ಮೇಲಿನವರಿಗೂ ನಿಯಮವಿದೆ. 1944ರ ಶಿಕಾಗೋ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ಸಂಸ್ಥೆಯ ಕಟ್ಟಳೆಯಂತೆ, ಕರೆ ಬಂದ ಮೂರು ನಿಮಿಷದೊಳಗೆ ಮೊದಲ ಗಾಡಿಯು ಓಟದ ಹಾದಿಯ ಯಾವ ತುದಿಗಾದರೂ ಮುಟ್ಟಿ ನೊರೆಯನ್ನು ಎರಚಹತ್ತಬೇಕು. ಎರಡು ನಿಮಿಷದೊಳಗಾದರೆ ಇನ್ನೂ ಲೇಸು. ಎರಡು ವರ್ಷಕ್ಕೊಮ್ಮೆಯಾದರೂ ಪೊಲೀಸರು, ಆಸ್ಪತ್ರೆಗಳು, ಊರಿನ ಅಗ್ನಿಶಾಮಕ ದಳ ಎಲ್ಲರೂ ಕೂಡಿ ಪೂರ್ಣ ಪ್ರಮಾಣದ ಕವಾಯತು ನಡೆಸಬೇಕು. ಇದರ ಸಣ್ಣ ಸಣ್ಣ ವಿಧಿಗಳೂ ಸ್ವಾರಸ್ಯವಾಗಿವೆ. ಯಂತ್ರಗಳ ಅಬ್ಬರದಲ್ಲಿ ಮಾತು ಕೇಳಿಸದಾದ್ದರಿಂದ, ನೆಲದ ಮೇಲೆ ನಿಂತು ವಿಮಾನಕ್ಕೆ ದಾರಿ ತೋರುವವನು ಬೆಂಕಿಯನ್ನು ಕಂಡರೆ ಎಡಗೈಯಿಂದ ಬೆಂಕಿಯ ಜಾಗವನ್ನು ತೋರಿಸಿ, ಬಲಗೈಯನ್ನು ಭುಜದಿಂದ ಮೊಣಕಾಲಿನವರೆಗೆ ಬೀಸಣಿಗೆಯಂತೆ ಬೀಸುವನು. ಅದನ್ನು ಕಂಡ ಚಾಲಕನು ಒಂದು ಹಿಡಿಕೆಯನ್ನು ಎಳೆದು ಆ ಯಂತ್ರಕ್ಕೆ ಹೋಗುವ ಎಣ್ಣೆಯನ್ನು ಕಡಿದು, ಅದರೊಳಗೆ ಬೆಂಕಿ ಆರಿಸುವ ವಾಯುವನ್ನು ಬಿಡುವನು. ಗಾಲಿಯ ಬ್ರೇಕು ಕಾದು ಉರಿಯುತ್ತಿದ್ದರೆ ಅದನ್ನು ಮುಂದಿನಿಂದಲೋ ಹಿಂದಿನಿಂದಲೋ ಸಮೀಪಿಸಬೇಕು, ಎಂದಿಗೂ ಪಕ್ಕದಿಂದಲ್ಲ. ಒಡೆದ ಗಾಲಿಯ ಚೂರುಗಳು ಪಕ್ಕಕ್ಕೇ ಸಿಡಿಯುವವು. ಗಾಡಿಯ ಜನರ ಮೊದಲ ಕರ್ತವ್ಯವು ವಿಮಾನವನ್ನು ಉಳಿಸುವದಲ್ಲ, ಬಾಗಿಲುಗಳಿಂದ ಜನರು ಇಳಿದು ಓಡುವಷ್ಟು ದಾರಿಯನ್ನು ಜ್ವಾಲೆಯ ನಡುವೆ ಬಿಡಿಸಿಕೊಡುವದು. ನಮ್ಮ ಒಕ್ಕಲಿಗನು ಇದನ್ನು ಕೇಳಿದರೆ, ಇದಕ್ಕೆ ಪುಸ್ತಕವೇಕೆ ಎಂದು ನಗಬಹುದು.

ಆದರೆ ಮೂರು ನಿಮಿಷದ ಲೆಕ್ಕವೆಲ್ಲ ಓಟದ ಹಾದಿಯ ತುದಿಯವರೆಗೆ ಮಾತ್ರ. ತುದಿಯಾಚೆ ಏನಿದೆಯೆಂಬದನ್ನು ತೋರಿಸಿಕೊಟ್ಟದ್ದು ಮಂಗಳೂರು. ಅಲ್ಲಿಯ ಬಜಪೆ ನಿಲ್ದಾಣವು 1951ರ ಡಿಸೆಂಬರ 25ರಂದು ಪ್ರಾರಂಭವಾಯಿತು. ಗುಡ್ಡದ ತಲೆಯನ್ನು ಸಮ ಮಾಡಿ ಕಟ್ಟಿದ, ಮೇಜಿನಂಥ ನಿಲ್ದಾಣ ಅದು. ಹಾದಿ ಮುಗಿದಲ್ಲಿ ಕಣಿವೆ. 1981ರ ಆಗಸ್ಟ 19ರಂದು ಒಂದು ಸಣ್ಣ ವಿಮಾನವು ಹಾದಿಯನ್ನು ದಾಟಿ ಮುಂದೆ ಹೋಗಿತ್ತು. ಆಗ ರಾಜ್ಯದ ಮಂತ್ರಿಗಳಾಗಿದ್ದ ವೀರಪ್ಪ ಮೊಯಿಲಿಯವರೂ ಅದರಲ್ಲಿದ್ದರು. ಅಂದು ಯಾರೂ ಸಾಯಲಿಲ್ಲ. ಸಾಯದಿದ್ದ ಅಪಘಾತಗಳಿಂದ ಮನುಷ್ಯರು ಕಲಿಯುವದು ಕಡಿಮೆ.

2010ನೆಯ ಇಸವಿಯ ಮೇ 22, ಶನಿವಾರ. ಬೆಳಗಿನ ಆರು ಗಂಟೆಯ ಸುಮಾರಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ 812ನೆಯ ವಿಮಾನದಲ್ಲಿ 166 ಜನರಿದ್ದರು. ದಕ್ಷಿಣ ಕನ್ನಡದವರೂ ಕಾಸರಗೋಡಿನವರೂ ಬಹಳ. ಕೊಲ್ಲಿಯ ದೇಶಗಳಲ್ಲಿ ದುಡಿದು ಮನೆಗೆ ಬರುವವರು, ತಾಯಂದಿರು, ಮಕ್ಕಳು. ಹಾದಿಯ ಉದ್ದ ಸುಮಾರು 8,000 ಅಡಿ. ವಿಮಾನವು ಅದರಲ್ಲಿ 5,200 ಅಡಿಗಳನ್ನು ಗಾಳಿಯಲ್ಲಿಯೇ ಕಳೆದು ಆಮೇಲೆ ನೆಲ ಮುಟ್ಟಿತು. ಸಹಚಾಲಕನು ಮತ್ತೆ ಮೇಲೇರೋಣವೆಂದು ಮೊದಲೇ ಹೇಳಿದ್ದನು. ಮುಖ್ಯ ಚಾಲಕನು ಆ ಮಾತನ್ನು ಪುರಸ್ಕರಿಸಲಿಲ್ಲ. ನೆಲ ಮುಟ್ಟಿದ ಮೇಲೆ ಏರಲು ಯತ್ನಿಸಿದುದು ವ್ಯರ್ಥವಾಯಿತು. ಹಾದಿಯ ಆಚೆ ವಿಮಾನಗಳಿಗೆ ದಿಕ್ಕು ತೋರುವ ಯಂತ್ರವೊಂದನ್ನು ಕಾಂಕ್ರೀಟಿನ ಕಟ್ಟಡದ ಮೇಲೆ ನಿಲ್ಲಿಸಿದ್ದರು. ರೆಕ್ಕೆಯು ಅದಕ್ಕೆ ಬಡಿದು, ವಿಮಾನವು ಬೇಲಿಯನ್ನು ಮುರಿದು ಕಣಿವೆಗೆ ಇಳಿದು ಹೊತ್ತಿಕೊಂಡಿತು.

ಒಡೆದ ಮೈಯ ಬಿರುಕಿನಿಂದ ಹೊರಬಿದ್ದು ಬದುಕಿದವರು ಎಂಟೇ ಜನ. 158 ಜನ ಸತ್ತರು. ಮೇಲಿನಿಂದ ಗಾಡಿಗಳು ಹೊರಟವು. ಆದರೆ ಗುಡ್ಡದ ಆ ಹಾದಿಯು ಇಕ್ಕಟ್ಟಾದುದು, ಕಡಿದಾದುದು, ಭಾರವಾದ ಗಾಡಿಗಳಿಗೆ ಹೇಳಿಸಿದ್ದಲ್ಲ. ಮಂಗಳೂರಿನಿಂದ ಬಂದ ವಾಹನಗಳಿಗೂ ಅದೇ ಹಾದಿ. ಕೆಂಜಾರಿನ ಕಡೆಯ ಹಳ್ಳಿಯವರು ಮನೆಯಲ್ಲಿದ್ದಂತೆಯೇ ಓಡಿಬಂದು ಮರಗಳ ನಡುವಿನಿಂದ ಇಳಿದು, ಬದುಕಿದವರನ್ನು ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಸಾಗಿಸಿದರು. ಆಮೇಲೆ ದೇಹಗಳನ್ನು ಹೊತ್ತು ಮೇಲಕ್ಕೆ ತಂದರು. ಅವರಿಗೆ ಯಾರೂ ಕವಾಯತು ಕಲಿಸಿರಲಿಲ್ಲ. ಗುರುತು ಸಿಗದೆ ಉಳಿದ 12 ದೇಹಗಳನ್ನು ಕೂಳೂರಿನ ಹತ್ತಿರ ಫಲ್ಗುಣಿ ನದಿಯ ದಡದಲ್ಲಿ ಮಣ್ಣು ಮಾಡಿದರು. ಹಿಂದೂ, ಮುಸಲ್ಮಾನ, ಕ್ರೈಸ್ತ ಎಂದು ವಿಂಗಡಿಸುವ ಉಪಾಯವಿರಲಿಲ್ಲ. ಅಲ್ಲಿ ಈಗ ಒಂದು ಸ್ಮಾರಕವಿದೆ.

ಏರ್ ಮಾರ್ಷಲ್ ಗೋಖಲೆಯವರ ನೇತೃತ್ವದ ವಿಚಾರಣೆಯು ಈ ಸಲ ಚಾಲಕನ ತಪ್ಪಿಗೆ ನಿಲ್ಲದೆ ನೆಲದ ಕಡೆಗೂ ಕಣ್ಣು ಹಾಯಿಸಿತು. ಹಾದಿಯ ಕೊನೆಯಲ್ಲಿ ವಿಮಾನವನ್ನು ತಡೆಯುವ ಸುರಕ್ಷಿತ ಪ್ರದೇಶ, ಬಡಿದರೆ ತಾನೇ ಮುರಿದುಬೀಳುವಂಥ ಹಗುರ ಕಂಬಗಳು, ಸುತ್ತಲಿನ ರಸ್ತೆಗಳ ಸುಧಾರಣೆ ಇವು ಚರ್ಚೆಗೆ ಬಂದವು. ಬೆಂಗಳೂರಿನ ಗೋಡೆಗೂ ಮಂಗಳೂರಿನ ಕಣಿವೆಗೂ ನಡುವೆ ಇಪ್ಪತ್ತು ವರ್ಷಗಳ ಅಂತರವಿದೆಯೆಂಬದನ್ನು ಇಲ್ಲಿ ಬರೆದಿಡದೆ ಹೋಗುವ ಮನಸ್ಸಾಗುವದಿಲ್ಲ. ಎರಡೂ ಕಡೆ ವಿಮಾನವು ನಿಲ್ಲಿಸಿಟ್ಟ ಗಾಡಿಗಳ ಆವರಣದಾಚೆಗೆ ಹೋಗಿ ಬಿದ್ದಿತು. ದೊಡ್ಡ ಕವಾಯತುಗಳಿಗೆ ಪೊಲೀಸರಿಗೂ ವೈದ್ಯರಿಗೂ ಕರೆ ಹೋಗುವಂತೆ, ಬೇಲಿಗೆ ತಗಲಿದ ಹಳ್ಳಿಗಳ ಹಿರಿಯರಿಗೂ ಹೋಗಬೇಕು. ಯಾವ ಹೊಲದ ದಾರಿಯಲ್ಲಿ ಗಾಡಿ ಹಾಯುವದು, ಯಾವ ಹಳ್ಳ ಮಳೆಗಾಲದಲ್ಲಿ ದಾಟಲಾಗದು ಎಂಬದು ಅವರಿಗೆ ಗೊತ್ತಿದ್ದಷ್ಟು ನಕಾಶೆಗೆ ಗೊತ್ತಿರುವದಿಲ್ಲ. ಹಾಗೆಯೇ ಉರಿಯುವ ಎಣ್ಣೆಗೆ ಕೊಡದ ನೀರು ಸುರಿಯಬಾರದು, ಗಾಳಿ ಬೀಸಿ ಬರುವ ಬದಿಯಿಂದಲೇ ಹತ್ತಿರ ಹೋಗಬೇಕು, ಗಾಡಿ ಬರುವ ದಾರಿಯಲ್ಲಿ ನೋಡುವವರ ಗುಂಪು ನಿಲ್ಲಬಾರದು ಎಂಬ ಮೂರು ಮಾತುಗಳನ್ನು ಅವರಿಗೆ ಹೇಳಲು ಅರ್ಧ ಗಂಟೆ ಸಾಕು.

ಒಳಗೆ ಕುಳಿತವರ ಪಾಲೂ ಇದೆ. 2024ನೆಯ ಇಸವಿಯ ಜನವರಿ 2ರಂದು ಜಪಾನಿನ ಹನೇಡ ನಿಲ್ದಾಣದಲ್ಲಿ ಇಳಿಯುತ್ತಿದ್ದ ದೊಡ್ಡ ವಿಮಾನವು ಹಾದಿಯ ಮೇಲಿದ್ದ ಕರಾವಳಿ ರಕ್ಷಣಾ ದಳದ ಸಣ್ಣ ವಿಮಾನಕ್ಕೆ ಬಡಿದು ಹೊತ್ತಿಕೊಂಡಿತು. ಸಣ್ಣ ವಿಮಾನದ ಆರು ಜನರಲ್ಲಿ ಐವರು ಸತ್ತರು. ದೊಡ್ಡದರಲ್ಲಿ 379 ಜನರಿದ್ದರು. ಒಳಗಿನ ಧ್ವನಿಯಂತ್ರ ಕೆಟ್ಟಿತ್ತು. ಎಂಟು ಬಾಗಿಲುಗಳಲ್ಲಿ ಮೂರು ಮಾತ್ರ ಉಪಯೋಗಕ್ಕೆ ಬಂದವು. ಸಿಬ್ಬಂದಿಯವರು ಗಂಟಲೆತ್ತಿ ಕೂಗಿ ದಾರಿ ತೋರಿಸಿದರು; ಜನರು ಚೀಲಗಳನ್ನು ಅಲ್ಲಿಯೇ ಬಿಟ್ಟು ಇಳಿದರು. 379 ಜನರೂ ಬದುಕಿದರು. ವಿಮಾನವು ಅವರ ಹಿಂದೆ ಬೂದಿಯಾಯಿತು. ನಮ್ಮಲ್ಲಿ ವಿಮಾನವು ಇನ್ನೂ ಓಡುತ್ತಿರುವಾಗಲೇ ಎದ್ದು ನಿಂತು ತಲೆಯ ಮೇಲಿನ ಗೂಡಿನಿಂದ ಚೀಲ ಎಳೆಯುವವರನ್ನು ಕಂಡಾಗಲೆಲ್ಲ ನನಗೆ ಆ ಬಿಟ್ಟುಬಂದ ಚೀಲಗಳು ನೆನಪಾಗುತ್ತವೆ.

ನಮ್ಮ ಊರ ಮಗ್ಗುಲಿಗೂ ಈ ಕಥೆಯ ಒಂದು ತುಂಡು ಬಂದುಹೋಗಿದೆ. 1974ರಲ್ಲಿ ಗೋಕುಲದ ಬಳಿ ಆರಂಭವಾದ ಹುಬ್ಬಳ್ಳಿಯ ನಿಲ್ದಾಣಕ್ಕೆ 2015ರ ಮಾರ್ಚ 8, ರವಿವಾರ ಸಂಜೆ, ಬೆಂಗಳೂರಿನಿಂದ ಸ್ಪೈಸ್‌ಜೆಟ್ಟಿನ ವಿಮಾನವೊಂದು ಮಳೆಯಲ್ಲಿ ಇಳಿಯಿತು. ಅದು ಹಾದಿಯಿಂದ ಪಕ್ಕಕ್ಕೆ ಜಾರಿತು. ಗಾಲಿಯ ಕಾಲೊಂದು ಮುರಿದು ವಿಮಾನವು ಒಂದು ಬದಿಗೆ ವಾಲಿ ಕುಳಿತಿತು. ರೆಕ್ಕೆಗಳಲ್ಲಿ ಎಣ್ಣೆಯಿತ್ತು, ಒಳಗೆ ಎಂಬತ್ತಕ್ಕೆ ಮಿಕ್ಕಿ ಜನರಿದ್ದರು. ಬೆಂಕಿ ಹತ್ತಲಿಲ್ಲ. ಎಲ್ಲರೂ ಇಳಿದು ಮಳೆಯಲ್ಲಿ ತೋಯಿಸಿಕೊಳ್ಳುತ್ತ ನಡೆದರು. ಆ ಎಂಬತ್ತಕ್ಕೆ ಮಿಕ್ಕಿದ ಮನೆಗಳಲ್ಲಿ ಅಂದು ರಾತ್ರಿ ಊಟಕ್ಕೆ ತುಸು ತಡವಾಯಿತು.